ಡಿಫಾಲ್ಟ್ ಒತ್ತಬಾರದು

ನಮ್ಮ ದೊಡ್ಡಪ್ಪನಿಗೆ ಬೀದಿಯವರು ಇಟ್ಟ ಹೆಸರು ಮೆನು ಮಾಮ. ಹೊಸದಾಗಿ ಬಾಡಿಗೆಗೆ ಬಂದವರು ಯಾವುದೋ ಹೋಟೆಲಿನ ಯಜಮಾನರಿರಬೇಕು ಅಂದುಕೊಂಡು ಮರ್ಯಾದೆಯಿಂದ ಮಾತಾಡಿಸುತ್ತಾರೆ. ಎರಡನೇ ಸಲ ಕಂಡಾಗ ಮೆಲ್ಲಗೆ ಒಳಗೆ ಸರಿದು ಬಾಗಿಲು ಹಾಕಿಕೊಳ್ಳುತ್ತಾರೆ. ಈ ಮನುಷ್ಯ ಯಾರ ಮನೆಗೆ ಕಾಲಿಟ್ಟರೂ ಕೂರುವ ಮೊದಲೇ ರಿಮೋಟ್ ಎತ್ತಿಕೊಂಡು ಅವರ ಡಿಸ್ಕ್ ಪ್ಲೇಯರಿನ ಮೆನು ತೆರೆಯುತ್ತಾನೆ ಎನ್ನುವುದು ಅಷ್ಟರಲ್ಲಿ ಅವರಿಗೆ ಗೊತ್ತಾಗಿರುತ್ತದೆ. ಎದುರಿಗೆ ನಾನು ಅವನನ್ನು ಬಹುವಚನದಲ್ಲೇ ಮಾತಾಡಿಸುವುದು. ಬರೆಯುವಾಗ ಅಷ್ಟೊಂದು ಸೌಜನ್ಯ ನನ್ನ ಕೈಲಾಗದು.

ಮೂವತ್ತೊಂದು ವರ್ಷ ಬಣ್ಣದಂಗಡಿಯಲ್ಲಿ ಬಣ್ಣ ಕಲಸಿದವನು ಅವನು. ಗಿರಾಕಿ ಒಂದು ಅಂಗಿ ಗುಂಡಿಯನ್ನೋ ಒಡೆದ ಹೆಂಚಿನ ಚೂರನ್ನೋ ತಂದು ಇದೇ ಬಣ್ಣ ಬೇಕು ಅಂದರೆ, ಡಬ್ಬದಲ್ಲಿ ಕೋಲಾಡಿಸಿ ಅದೇ ಬಣ್ಣ ಮಾಡಿಕೊಡುತ್ತಿದ್ದ. ಬಣ್ಣ ಕಲಸುವ ಯಂತ್ರ ಬಂದ ಮೇಲೂ ಯಜಮಾನರು ಇವನಿಗೊಮ್ಮೆ ತೋರಿಸಿಯೇ ಮುಚ್ಚಳ ಹಾಕುತ್ತಿದ್ದರು. ಕೊನೆಯ ವರ್ಷ ಮಾತ್ರ ನಾಲ್ಕೈದು ಡಬ್ಬ ವಾಪಸು ಬಂದವು. ಅವರ ಗೋಡೆಯೇ ಸರಿಯಿಲ್ಲ ಅಂದ ದೊಡ್ಡಪ್ಪ. ನಿವೃತ್ತಿಯ ದಿನ ಅಂಗಡಿಯವರು ಅವನ ಕೈಗೆ ಒಂದು ಡಿಸ್ಕ್ ಪ್ಲೇಯರ್ ಕೊಟ್ಟು ಬೀಳ್ಕೊಟ್ಟರು. ತಾವು ಏನು ಮಾಡುತ್ತಿದ್ದೇವೆಂದು ಪಾಪ ಅವರಿಗೆ ತಿಳಿದಿರಲಿಲ್ಲ.

ಜನ ಪ್ಲೇಯರಿನಲ್ಲಿ ಸಿನಿಮಾ ನೋಡುತ್ತಾರೆ. ದೊಡ್ಡಪ್ಪ ಮೆನು ನೋಡುತ್ತಿದ್ದ. ಪರದೆ ಅಗಲವೋ ಚೌಕವೋ, ಧ್ವನಿ ತುಟಿಗಿಂತ ಮುಂದೋ ಹಿಂದೋ, ಹೊಳಪೆಷ್ಟು, ಕಪ್ಪೆಷ್ಟು, ಕೆಂಪು ನೀಲಿ ಎಷ್ಟೆಷ್ಟು, ಎಲ್ಲವನ್ನೂ ಒಂದೊಂದೇ ಮೆಟ್ಟಿಲು ಹತ್ತಿಸಿ ಇಳಿಸಿ ನೋಡುವುದರಲ್ಲೇ ಅವನ ದಿನ ಕಳೆಯುತ್ತಿತ್ತು. ತನ್ನ ಮನೆಯದು ಮುಗಿದ ಮೇಲೆ ಬೀದಿಯವರ ಪ್ಲೇಯರುಗಳ ಮೇಲೆ ಕಣ್ಣು ಬಿತ್ತು. ಎದುರುಮನೆ ಬ್ಯಾಂಕ್ ಗುಮಾಸ್ತರ ಪ್ಲೇಯರಿನಲ್ಲಿ ಧ್ವನಿ ಹೋಗುವ ದಾರಿಯನ್ನು ಬದಲಿಸಿ ಬಂದ. ಅದಕ್ಕೆ ಬೇಕಾದ ಸ್ಪೀಕರ್ ಅವರ ಹತ್ತಿರ ಇರಲಿಲ್ಲ. ಮೂರು ದಿನ ಟಿವಿ ಬಾಯಿ ಬಿಡದೆ, ಗಂಡ ಹೆಂಡತಿ ತಾವೇ ಮಾತಾಡಿಕೊಳ್ಳಬೇಕಾಯಿತು.

ಎಲ್ಲ ತಿದ್ದಿ ಮುಗಿಸಿದ ಮೇಲೆ ಪ್ರತಿ ಮನೆಯಲ್ಲೂ ಅವನದು ಒಂದೇ ಉಪದೇಶ. "ಕೆಳಗಡೆ ಡಿಫಾಲ್ಟ್ ಅಂತ ಒಂದಿದೆ. ಅದನ್ನ ಮಾತ್ರ ಒತ್ತಬೇಡಿ. ಹೆಸರಲ್ಲೇ ಫಾಲ್ಟ್ ಅಂತ ಅವರೇ ಬರೆದುಬಿಟ್ಟಿದ್ದಾರೆ. ಮಾಮೂಲಿ ಫಾಲ್ಟ್ ಅಲ್ಲ, ಡಿ ಫಾಲ್ಟ್."

ಡಿ ಅಂದರೇನು ಎಂದು ಯಾರೋ ಕೇಳಿದ್ದಕ್ಕೆ ಡೇಂಜರ್ ಅಂದನಂತೆ. ಯಾವ ಕಂಪನಿ ತನ್ನ ಯಂತ್ರ ಕೆಡಿಸಲೆಂದೇ ಒಂದು ಗುಂಡಿ ಕೊಡುತ್ತದೆ ಎಂದು ನಾನು ಒಮ್ಮೆ ವಾದಿಸಿದೆ. ಮೂವತ್ತೊಂದು ವರ್ಷದ ಅನುಭವ ಇದ್ದವರ ಎದುರು ಬಾಯಿ ಮಾಡಬಾರದು ಎಂದು ದೊಡ್ಡಮ್ಮ ನನ್ನನ್ನು ಸುಮ್ಮನಾಗಿಸಿದಳು. ಹೇಳುವಾಗ ಅವಳ ಸೆರಗು ಬಾಯಿಗೆ ಅಡ್ಡ ಇತ್ತು.

ಇನ್ನು ನನ್ನ ಅತ್ತೆ. ದೊಡ್ಡಪ್ಪನ ಒಬ್ಬಳೇ ತಂಗಿ, ಹಿಂದಿನ ಬೀದಿಯಲ್ಲಿ ಮನೆ. ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ, ಗೋಡೆಗೆ ತಾಗಿ ದಾರದುಂಡೆಗಳ ಹಲಗೆ, ಮೂಲೆಯಲ್ಲಿ ಟಿವಿ ಮತ್ತು ಪ್ಲೇಯರ್. ಕೇಬಲ್ ತೆಗೆಸಿಬಿಟ್ಟಿದ್ದಳು. ಹೊಲಿಯುತ್ತಾ ಡಿಸ್ಕ್ ಹಾಕಿಕೊಂಡು ಕೇಳುವುದಷ್ಟೇ ಅವಳ ಟಿವಿ. ಬಟ್ಟೆಗೆ ದಾರ ಹೊಂದಿಸುವುದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಹರಿದದ್ದನ್ನು ಅವಳು ಹೊಲಿದು ಕೊಟ್ಟರೆ ಎಲ್ಲಿ ಹರಿದಿತ್ತೆಂದು ಹರಿದುಕೊಂಡವರಿಗೇ ಸಿಗುತ್ತಿರಲಿಲ್ಲ. ಬಣ್ಣದ ಕಣ್ಣು ನಮ್ಮ ವಂಶದ್ದು ಎಂದು ದೊಡ್ಡಪ್ಪ ಕೊಚ್ಚಿಕೊಳ್ಳುತ್ತಿದ್ದ. ನಾನೂ ಆ ವಂಶದವಳೇ. ಕಾಲುಚೀಲ ಇವತ್ತಿಗೂ ಬೇರೆಬೇರೆ ಬಣ್ಣದ್ದು ಹಾಕಿಕೊಂಡು ಹೋಗುತ್ತೇನೆ.

ಎರಡು ವರ್ಷದ ಹಿಂದೆ ಅತ್ತೆ ತನ್ನ ಮಗಳ ಮದುವೆಗೆ ಕಡುಗೆಂಪು ಗೌನು ಹೊಲಿದಳು. ಅಷ್ಟು ಮನಸ್ಸಿಟ್ಟು ಅವಳು ಇನ್ನೇನನ್ನೂ ಹೊಲಿದಿರಲಿಲ್ಲ. ಮದುವೆಯ ಡಿಸ್ಕ್ ಬಂದಾಗ ನಾವೆಲ್ಲ ಅವಳ ಮನೆಯಲ್ಲಿ ಸೇರಿದೆವು. ದೊಡ್ಡಪ್ಪ ಮೊದಲೇ ಹೋಗಿ ಪ್ಲೇಯರನ್ನು ತಯಾರು ಮಾಡಿಟ್ಟಿದ್ದ. ಮದುಮಗಳು ಪರದೆಯ ಮೇಲೆ ಬಂದಳು. ಗೌನು ನೇರಳೆ. ಮದುಮಗನ ಮುಖವಂತೂ ತಣ್ಣೀರಲ್ಲಿ ನೆನೆಸಿಟ್ಟವನ ಹಾಗಿತ್ತು.

"ಅಣ್ಣ, ಇದು ನೇರಳೆ ಕಾಣ್ತಿದೆಯಲ್ಲ?" ಅಂದಳು ಅತ್ತೆ.

"ನೇರಳೆ ಎಲ್ಲಿದೆ? ಅಚ್ಚ ಕಡುಗೆಂಪು. ನಿನ್ನ ಕಣ್ಣು ಒಂಚೂರು ತೋರಿಸ್ಕೋ ಮಾರಾಯ್ತಿ."

ಇವನ ಜೊತೆ ಬಣ್ಣದ ವಾದ ಯಾಕೆಂದು ಉಳಿದವರು ತಿಂಡಿಯ ತಟ್ಟೆ ನೋಡಿಕೊಂಡರು. ನನಗೂ ನೇರಳೆಯೇ ಕಂಡಿತ್ತು. ಆದರೆ ನನ್ನ ಕಾಲುಚೀಲ ನೋಡಿದವರು ಯಾರೂ ನನ್ನ ಸಾಕ್ಷಿ ಕೇಳುವುದಿಲ್ಲ. ಬಾಯಿ ಮುಚ್ಚಿಕೊಂಡಿದ್ದೆ. ಅದು ನನ್ನ ತಪ್ಪು, ಒಪ್ಪಿಕೊಳ್ಳುತ್ತೇನೆ.

ಅತ್ತೆ ಕಣ್ಣಿನ ಡಾಕ್ಟರ ಹತ್ತಿರ ಹೋದಳು. ಅವರು ಗೋಡೆಯ ಮೇಲಿನ ಅಕ್ಷರ ಓದಿಸಿ ಏನೂ ತೊಂದರೆ ಇಲ್ಲ ಅಂದರು. ಅವೆಲ್ಲ ಕಪ್ಪಕ್ಷರ, ಅದನ್ನೋದಲು ಬಣ್ಣದ ಕಣ್ಣು ಯಾಕೆ ಬೇಕು ಎಂದು ಗೊಣಗುತ್ತಾ ಅವಳು ವಾಪಸು ಬಂದಳು. ಆಮೇಲೆ ಮೆಲ್ಲಮೆಲ್ಲಗೆ ಬಣ್ಣದ ಬಟ್ಟೆ ಹಿಡಿಯುವುದನ್ನೇ ಬಿಟ್ಟಳು. ಆಸ್ಪತ್ರೆಯ ಬಿಳಿ ಕೋಟು, ಬಿಳಿ ಹಾಸಿಗೆ ಬಟ್ಟೆ, ಅಷ್ಟೇ. ವಯಸ್ಸಾಯಿತು, ಅದಕ್ಕೆ ಹಗುರ ಕೆಲಸ ಹಿಡಿದಿದ್ದಾಳೆ ಅಂದುಕೊಂಡೆವು. ಈಗ ಯಂತ್ರವನ್ನೇ ಕಿಟಕಿ ಪರದೆ ಹೊಲಿಯುವವಳೊಬ್ಬಳಿಗೆ ಕೊಟ್ಟುಬಿಡುವುದೆಂದು ಮಾತಾಗಿತ್ತು. ಶನಿವಾರ ಸಂಜೆ ಬಂದು ಒಯ್ಯುತ್ತೇನೆ ಎಂದು ಆಕೆ ಹೇಳಿ ಹೋಗಿದ್ದಳು.

ಅದೇ ವಾರ ದೊಡ್ಡಪ್ಪನ ಬಲಗಣ್ಣಿನ ಪೊರೆ ತೆಗೆಸಿದೆವು. ಎಡಗಣ್ಣಿಗೆ ಇನ್ನೊಂದು ತಿಂಗಳು ಬಿಟ್ಟು ಬನ್ನಿ ಅಂದಿದ್ದರು. ಶನಿವಾರ ಬೆಳಿಗ್ಗೆ ನಾನು ಅವನ ಮನೆಗೆ ಹೋದಾಗ ದೊಡ್ಡಮ್ಮ ಬಾಗಿಲಲ್ಲೇ ನನ್ನ ಕೈ ಹಿಡಿದಳು.

"ನಿಮ್ಮ ದೊಡ್ಡಪ್ಪನಿಗೆ ಹೊಸ ಕಣ್ಣು ಬಂದಿದ್ದೇ ಬಂದಿದ್ದು, ಟಿವೀಲಿ ಹಾಡೋಳಿಗೆ ಕಣ್ಣು ಹೊಡೀತಾ ಕೂತಿದ್ದಾರೆ. ಬಂದು ನೋಡು."

ನಿಜವೇ. ಪರದೆಯ ಮೇಲೆ ಯಾವುದೋ ಹೆಂಗಸು ಹಾಡುತ್ತಿದ್ದಳು. ದೊಡ್ಡಪ್ಪ ಕುರ್ಚಿಯ ಅಂಚಿನಲ್ಲಿ ಕೂತು ಒಮ್ಮೆ ಎಡಗಣ್ಣು ಮುಚ್ಚುತ್ತಿದ್ದ, ಒಮ್ಮೆ ಬಲಗಣ್ಣು. ಮುಖದಲ್ಲಿ ರಸಿಕತೆಯ ಸುಳಿವೂ ಇರಲಿಲ್ಲ. ಬಣ್ಣ ಇಳಿದುಹೋಗಿತ್ತು.

"ಹಳೇ ಕಣ್ಣಲ್ಲಿ ನೋಡಿದ್ರೆ ಇವಳು ಸರಿಯಾಗಿದ್ದಾಳೆ ಕಣೇ. ಹೊಸ ಕಣ್ಣಲ್ಲಿ ನೋಡಿದ್ರೆ ನೀಲಿ. ಈ ಗೋಡೆನೂ ನೀಲಿ. ನಾನು ಇದಕ್ಕೆ ಬಿಳಿ ಹೊಡೆದಿದ್ದೆ."

"ಐದು ವರ್ಷದಿಂದ ಅದನ್ನೇ ಹೇಳ್ತಾ ಇದ್ದೀನಿ ರೀ," ಅಂದಳು ದೊಡ್ಡಮ್ಮ.

ಪೊರೆ ಬಂದ ಕಣ್ಣಿಗೆ ಲೋಕವೆಲ್ಲ ಹಳದಿ ಕಾಣುತ್ತಿದ್ದುದನ್ನು, ಆ ಹಳದಿ ಹೋಗಲೆಂದು ತಾನು ಕಂಡಕಂಡ ಪ್ಲೇಯರಿಗೆಲ್ಲ ನೀಲಿ ಸುರಿದುದನ್ನು ಲೆಕ್ಕ ಹಾಕಲು ಬಣ್ಣ ಕಲಸಿದವನಿಗೆ ಬಹಳ ಹೊತ್ತು ಬೇಕಾಗಲಿಲ್ಲ. ರಿಮೋಟನ್ನು ತೊಡೆಯ ಮೇಲಿಟ್ಟುಕೊಂಡ. ಆಮೇಲೆ "ಗೌನು" ಅಂದ. ನನಗೆ ತಕ್ಷಣ ಅರ್ಥವಾಯಿತು.

ನೇರವಾಗಿ ಅತ್ತೆಯ ಮನೆಗೆ ಹೋಗಬೇಕಿತ್ತು. ಆದರೆ ಅವನಿಗೆ ಧೈರ್ಯ ಸಾಲಲಿಲ್ಲ. ಮೊದಲು ಬೀದಿಯವರದನ್ನೆಲ್ಲ ಸರಿ ಮಾಡಿ ಬಂದುಬಿಡೋಣ, ಪಾಪ, ಅಷ್ಟೂ ಜನ ನೀಲಿ ನೋಡ್ತಿದ್ದಾರೆ ಎಂದು ಚಪ್ಪಲಿ ಮೆಟ್ಟಿದ. ಕಣ್ಣಿಗೆ ಕಪ್ಪು ಕನ್ನಡಕ ಹಾಕಿಕೊಂಡು ಹೊರಟ. ನಾನು ಹಿಂದೆ.

ಬ್ಯಾಂಕ್ ಗುಮಾಸ್ತರ ಮನೆಯಲ್ಲಿ ಕನ್ನಡಕ ತೆಗೆದು, ಎಡಗಣ್ಣು ಮುಚ್ಚಿ, ಡಿಸ್ಕ್ ಹಾಕಿಸಿ ನೋಡಿದ. ಚಿತ್ರ ಚೆನ್ನಾಗಿತ್ತು. ಎಲೆ ಹಸಿರು, ಮನುಷ್ಯರು ಮನುಷ್ಯರ ಬಣ್ಣ. ಗುಮಾಸ್ತರ ಹೆಂಡತಿ ಕಿಟಕಿಯ ಕಡೆ ನೋಡುತ್ತಾ "ಎಲ್ಲಾ ನಿಮ್ಮ ಕೈಗುಣ ಮಾಮ" ಅಂದಳು. ಪಕ್ಕದ ಮನೆಯಲ್ಲೂ ಹಾಗೇ. ಮೂರನೆಯದು ನರ್ಸಮ್ಮನ ಮನೆ. ಆಕೆ ಚುಚ್ಚುವುದನ್ನೇ ಕೆಲಸ ಮಾಡಿಕೊಂಡವಳು.

"ಮಾಮ, ಮರ್ಯಾದೆಗೆ ಇಷ್ಟು ದಿನ ಹೇಳ್ಲಿಲ್ಲ. ನೀವು ಗೇಟು ದಾಟೋ ಮೊದ್ಲೇ ನಾವು ಡಿಫಾಲ್ಟ್ ಒತ್ತಿಬಿಡ್ತೀವಿ. ಬೀದೀಲಿ ಎಲ್ಲರೂ ಅಷ್ಟೇ. ಒತ್ತಿದ್ರೆ ಕಂಪನಿಯವರು ಹೇಗೆ ಕಳಿಸಿದ್ರೋ ಹಾಗಾಗ್ತದೆ."

"ಹಾಗಾದ್ರೆ ನನ್ನನ್ನ ಯಾಕೆ ಕರೀತಿದ್ರಿ?"

"ನಾವೆಲ್ಲಿ ಕರೀತಿದ್ವಿ? ನೀವೇ ಬರ್ತಿದ್ರಿ."

ಮರ್ಯಾದೆ ಮೂರುಕಾಸಾದ ಮನುಷ್ಯ ಹೀಗೆ ಖುಷಿಪಡುವುದನ್ನು ನಾನು ಎಲ್ಲೂ ನೋಡಿಲ್ಲ. ಹೊರಗೆ ಬಂದವನೇ ನನ್ನ ಭುಜ ತಟ್ಟಿದ. "ಎಲ್ಲರೂ ಒತ್ತಿದ್ದಾರೆ ಕಣೇ. ಹಾಗಾದ್ರೆ ಅವಳೂ ಒತ್ತಿರ್ತಾಳೆ. ಅವಳೇನು ದಡ್ಡಿಯೇ? ನಾನು ಈ ಕಡೆ ಬಂದ ತಕ್ಷಣ ಒತ್ತಿರ್ತಾಳೆ." ಹಿಂದಿನ ಬೀದಿಯವರೆಗೂ ಅದನ್ನೇ ಬಡಬಡಿಸಿದ. ನಾನೂ ಹೂಂ ಹೂಂ ಅಂದೆ. ಬಿಳಿ ಕೋಟುಗಳ ರಾಶಿ ನನ್ನ ತಲೆಯಿಂದ ಹೋಗಲಿಲ್ಲ.

ಅತ್ತೆ ಯಂತ್ರಕ್ಕೆ ಕೊನೆಯ ಸಲ ಎಣ್ಣೆ ಬಿಡುತ್ತಿದ್ದಳು. ದಾರದುಂಡೆಗಳನ್ನೆಲ್ಲ ಹಲಗೆಯಿಂದ ಇಳಿಸಿ ಒಂದು ತಗಡಿನ ಪೆಟ್ಟಿಗೆಗೆ ಸುರಿದಿಟ್ಟಿದ್ದಳು. ದೊಡ್ಡಪ್ಪ ಮದುವೆಯ ಡಿಸ್ಕ್ ಹಾಕಿದ. ಕಪ್ಪು ಕನ್ನಡಕ ತೆಗೆದು ಎಡಗಣ್ಣು ಮುಚ್ಚಿದ. ಮಗಳು ಬಂದಳು. ಗೌನು ನೇರಳೆ. ಎರಡು ವರ್ಷದ ಹಿಂದೆ ಹೇಗಿತ್ತೋ ಹಾಗೆಯೇ.

"ನೀನು ಒತ್ತಲಿಲ್ವೇನೇ?" ಅವನ ದನಿ ಕೀರಲಾಗಿತ್ತು.

"ಏನನ್ನ?"

"ಡಿಫಾಲ್ಟ್."

"ಒತ್ತಬೇಡ ಅಂತ ನೀನೇ ಹೇಳಿದ್ದೆಯಲ್ಲ ಅಣ್ಣ."

ಎರಡೂ ಬೀದಿ ಸೇರಿ ಅವನ ಮಾತು ನಂಬಿದವಳು ಇವಳೊಬ್ಬಳೇ. ದೊಡ್ಡಪ್ಪ ಮೆನು ತೆಗೆದು, ಒಂದೊಂದೇ ಸಾಲು ಕೆಳಗಿಳಿದು, ಆ ಡೇಂಜರ್ ಜಾಗಕ್ಕೆ ಹೋಗಿ ಒತ್ತಿದ. ಪರದೆ ಒಮ್ಮೆ ಕಪ್ಪಾಗಿ ಮತ್ತೆ ಹೊತ್ತಿಕೊಂಡಿತು. ಗೌನು ಕಡುಗೆಂಪು.

ಅತ್ತೆ ಎಣ್ಣೆಯ ಡಬ್ಬಿ ಕೆಳಗಿಟ್ಟಳು. ಯಂತ್ರದ ಖಾನೆ ಎಳೆದು ಗೌನಿನಲ್ಲಿ ಮಿಕ್ಕಿದ್ದ ಬಟ್ಟೆಯ ಚೂರು ತೆಗೆದು, ಪರದೆಯ ಹತ್ತಿರ ಹೋಗಿ ಮಗಳ ತೋಳಿನ ಪಕ್ಕ ಹಿಡಿದಳು. ಎರಡೂ ಒಂದೇ. ಅಷ್ಟೊಂದು ಸಲ ಮಡಚಿ ಬಿಡಿಸಿ ಆ ಚೂರಿನ ಅಂಚೆಲ್ಲ ನೂಲು ನೂಲಾಗಿತ್ತು.

"ನನ್ನ ಕಣ್ಣಿಗೆ ಪೊರೆ ಬಂದಿತ್ತು ಕಣೇ," ಅಂದ ದೊಡ್ಡಪ್ಪ. "ಕೆಟ್ಟಿದ್ದು ನಂದು. ನಿಂದಲ್ಲ. ತಪ್ಪಾಯ್ತು."

ತಪ್ಪಾಯಿತು ಎನ್ನುವ ಮಾತು ಅವನ ಬಾಯಿಂದ ಬಂದದ್ದನ್ನು ನಾನು ಕೇಳಿದ್ದು ಅದೇ ಮೊದಲು. ಅತ್ತೆ ಅವನ ಕಡೆ ತಿರುಗಲಿಲ್ಲ.

"ಎರಡು ವರ್ಷ ಅಣ್ಣ. ರೋಡಲ್ಲಿ ಸಿಗ್ನಲ್ ಕೆಂಪೋ ಹಸಿರೋ ಅಂತ ಪಕ್ಕದವರನ್ನ ಕೇಳಿ ದಾಟ್ತಿದ್ದೆ."

ನಮಗೆ ಇದು ಗೊತ್ತಿರಲಿಲ್ಲ. ದೊಡ್ಡಪ್ಪ ಸ್ಟೂಲು ಎಳೆದುಕೊಂಡು ಕೂತ.

ಅತ್ತೆ ನನ್ನ ಕಡೆ ನೋಡಿ, "ಆ ಪರದೆ ಹೊಲಿಯೋಳ ಮನೆಗೆ ಹೋಗಿ ಯಂತ್ರ ಕೊಡಲ್ಲ ಅಂತ ಹೇಳಿ ಬಾ," ಅಂದಳು. ಆಮೇಲೆ ತಗಡಿನ ಪೆಟ್ಟಿಗೆಯನ್ನು ಎಳೆದು ತಂದು ದೊಡ್ಡಪ್ಪನ ಕಾಲ ಬುಡದಲ್ಲಿಟ್ಟಳು. ಒಳಗೆ ದಾರದುಂಡೆಗಳೆಲ್ಲ ಒಂದಕ್ಕೊಂದು ಸುತ್ತಿಕೊಂಡು ಬಿದ್ದಿದ್ದವು.

"ಬಣ್ಣ ಬಣ್ಣ ಬೇರೆ ಮಾಡಿ ಹಲಗೆಗೆ ಸೇರಿಸು. ಹೊಸ ಕಣ್ಣು ಯಾವುದು?"

"ಬಲಗಡೆಯದು."

"ಎಡಗಡೆಯದು ಮುಚ್ಕೋ."

ನಾನು ಹೋಗಿ ಬರುವಷ್ಟರಲ್ಲಿ ಅತ್ತೆ ಪೆಡಲು ತುಳಿಯುತ್ತಿದ್ದಳು. ದೊಡ್ಡಪ್ಪ ಎಡಗಣ್ಣನ್ನು ಅಂಗೈಯಿಂದ ಮುಚ್ಚಿಕೊಂಡು, ಒಂದು ಕೈಯಲ್ಲೇ ದಾರ ಬಿಡಿಸುತ್ತಾ ಕೂತಿದ್ದ. ಹಲಗೆಯ ಮೇಲೆ ಏಳೆಂಟು ಉಂಡೆ ಏರಿದ್ದವು. ಕೈಯಲ್ಲಿದ್ದ ಒಂದನ್ನು ಬೆಳಕಿಗೆ ಹಿಡಿದು, ತಿರುಗಿಸಿ, ಕೊನೆಗೆ ತಂಗಿಯ ಕಡೆ ಚಾಚಿದ.

"ಇದು ಯಾವ ಬಣ್ಣ ನೋಡೇ," ಅಂದ.