ಭಾವನ ವಿಡಿಯೋ ಮುಗಿಯಲೇ ಇಲ್ಲ

ಸ್ಕ್ಯಾನಿಂಗ್ ಸೆಂಟರಿನಲ್ಲಿ ಅವಳಿಗೆ ಆಮೆ ಎಂದು ಹೆಸರಿಟ್ಟವನು ಅಕ್ಕನ ಗಂಡನೇ. ಕಂಪ್ಯೂಟರುಗಳನ್ನು ನೋಡಿಕೊಳ್ಳುವವಳು ಅವಳು, ಮ್ಯಾನೇಜರ್ ಅವನು. ಕೆಲವು ವಾರಗಳಿಂದ ಮಧ್ಯಾಹ್ನವಾದರೆ ಸಾಕು, ಸ್ಕ್ಯಾನ್ ಚಿತ್ರಗಳನ್ನು ಸಿದ್ಧಮಾಡುವ ಲಿನಕ್ಸ್ ಸರ್ವರ್ ಏದುಸಿರು ಬಿಡುತ್ತಿತ್ತು. "ನಮ್ಮ ಆಮೆ ಮುಟ್ಟಿದ್ದೆಲ್ಲ ಹೀಗೇ ಕಣ್ರೀ," ಎಂದು ಭಾವ ಎಲ್ಲರೆದುರು ನಗುತ್ತಿದ್ದ. ಅವಳಿದ್ದದ್ದೂ ಅಕ್ಕನ ಮನೆಯಲ್ಲೇ; ಅಲ್ಲಿ ಊಟಕ್ಕೆ ಕೂತರೂ ಅದೇ ಮಾತು. ಅಕ್ಕನೂ ನಗುತ್ತಿದ್ದಳು.

ಒಂದು ದಿನ ತಲೆಗೆ ಪೆಟ್ಟು ಬಿದ್ದಿದ್ದ ಹೆಂಗಸೊಬ್ಬಳ ಚಿತ್ರ ಬರುವುದು ತೀರಾ ತಡವಾಯಿತು. ಸೆಂಟರಿನ ಒಡತಿ ಡಾಕ್ಟರಮ್ಮ ವರಾಂಡದಲ್ಲೇ, ಕಂಪ್ಯೂಟರ್ ನೋಡಿಕೊಳ್ಳುವ ಇವಳ ಮೈಚಳಿ ಬಿಡಿಸಿದರು. ಪಕ್ಕದಲ್ಲಿದ್ದ ಭಾವ ಹೌದೌದೆಂದು ತಲೆಯಾಡಿಸಿದ.

ಅವಳು ಹಲ್ಲುಕಚ್ಚಿ ಸರ್ವರಿನ ಮುಂದೆ ಕೂತು 'ಟಾಪ್' ಎಂಬ ಆಜ್ಞೆ ಟೈಪ್ ಮಾಡಿದಳು. ಯಂತ್ರದೊಳಗೆ ಮರೆಯಲ್ಲಿ ಓಡುತ್ತಿದ್ದ ಕೆಲಸಗಳು, ಅಂದರೆ ಪ್ರೊಸೆಸ್ಸುಗಳು, ಸಾಲಾಗಿ ಬಂದವು. ಎಲ್ಲಕ್ಕಿಂತ ಮೇಲೆ, ಯಂತ್ರದ ಶಕ್ತಿಯನ್ನೆಲ್ಲ ಹೀರುತ್ತ, ವಿಡಿಯೋ ತಯಾರಿಸುವ ಒಂದು ಪ್ರೋಗ್ರಾಂ. ಪಕ್ಕದಲ್ಲಿ ಭಾವನ ಲಾಗಿನ್ ಹೆಸರು. ಫೈಲಿನ ಹೆಸರು ನೋಡಿದರೆ ತಿಳಿಯಿತು: ಯಾರದೋ ಮದುವೆಯ ವಿಡಿಯೋ ಮಾಡಿಕೊಡಲು ಒಪ್ಪಿಕೊಂಡು, ಸೆಂಟರಿನ ಯಂತ್ರವನ್ನೇ ಕದ್ದುಮುಚ್ಚಿ ದುಡಿಸುತ್ತಿದ್ದ.

'ಕಿಲ್' ಎಂದು ಅದರ ನಂಬರ್ ಕೊಟ್ಟಳು. ಸತ್ತಿತು. ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಹೊಸ ನಂಬರಿನೊಡನೆ ಮತ್ತೆ ಹಾಜರ್! ಅದನ್ನು ಹುಟ್ಟಿಸುತ್ತಿದ್ದ ತಾಯಿ ಪ್ರೊಸೆಸ್ ಒಂದು ಹಿಂದೆ ಅಡಗಿತ್ತು. ಮೊದಲು ತಾಯಿಯನ್ನು ನಿಲ್ಲಿಸಿದರೆ ಅಲ್ಲಿಗೆ ಕಥೆ ಮುಗಿಯುತ್ತಿತ್ತು.

ಆದರೆ ಅಷ್ಟು ಸುಲಭವಾಗಿ ಬಿಡುವ ಮನಸ್ಸಾಗಲಿಲ್ಲ. ಸ್ಕ್ಯಾನ್‌ಗಳಿಗೆ ತೊಂದರೆಯಾಗದಂತೆ ವಿಡಿಯೋವನ್ನು ಸರದಿಯ ಕಟ್ಟಕಡೆಗೆ ತಳ್ಳಿದಳು. ಇನ್ನೇನು ಮುಗಿಯಿತು ಎನ್ನುವಾಗ ಕೊಂದಳು. ತಾಯಿ ಮತ್ತೆ ಮೊದಲಿನಿಂದ ಶುರುಮಾಡಿತು. ಮರುದಿನವೂ ಹಾಗೆಯೇ, ಅದರ ಮರುದಿನವೂ. ಮದುವೆ ಹುಡುಗಿಯ ಅಪ್ಪನ ಫೋನ್ ಬಂದಾಗೆಲ್ಲ ಭಾವ ಮೆಟ್ಟಿಲ ಕೆಳಗೆ ಹೋಗಿ ಗೋಗರೆಯುವುದನ್ನು ಅವಳು ಕಿವಿ ನಿಮಿರಿಸಿ ಕೇಳುತ್ತಿದ್ದಳು.

ಕೊನೆಗೆ ಅವನೇ ಬಂದ. "ಸರ್ವರ್‌ನಲ್ಲಿ ಏನಾದ್ರೂ ತೊಂದ್ರೆ ಇದ್ಯೇನಮ್ಮ?"

"ಈಗ ಚೆನ್ನಾಗೇ ಓಡ್ತಿದೆಯಲ್ಲ ಭಾವ. ಯಾಕೆ, ನಿಮ್ಮದೇನಾದ್ರೂ ನಿಂತುಹೋಯ್ತಾ?"

"ನಂದಾ? ಛೆ, ನಂದೇನಿರುತ್ತೆ!"

"ಹಾಗಾದ್ರೆ ಇದು ಯಾರೋ ಕಳ್ಳರದ್ದೇ," ಎಂದು ಪರದೆಯ ಮೇಲಿದ್ದ ವಿಡಿಯೋ ಪ್ರೋಗ್ರಾಂ ತೋರಿಸಿದಳು. " ಡಾಕ್ಟರಮ್ಮಂಗೆ ತೋರಿಸಿಬಿಡೋಣ."

ಅವನು ಕೈ ಹಿಡಿಯಲು ಬಂದ. ಅಷ್ಟರಲ್ಲಿ ಅವಳು ಬಾಗಿಲು ದಾಟಿ ಕರೆದಾಗಿತ್ತು. ಡಾಕ್ಟರಮ್ಮ ಪರದೆಯ ಮೇಲಿನ ಹೆಸರು ಓದಿದರು, ಭಾವನ ಮುಖ ನೋಡಿದರು. ಅವರೆದುರೇ ಅವಳು ಮೊದಲು ತಾಯಿಯನ್ನು, ಆಮೇಲೆ ಮರಿಯನ್ನು ನಿಲ್ಲಿಸಿದಳು. ಆ ವಾರವೇ ಭಾವನ ಕೆಲಸ ಹೋಯಿತು.

ಅಕ್ಕ ಮಾತು ಬಿಟ್ಟಳು. ತಂಗಿ ಬೇರೆಡೆ ಬಾಡಿಗೆ ಕೋಣೆ ಹಿಡಿದಳು. ಅಕ್ಕನ ನೆನಪಾದರೆ ಫೋನ್ ಕೈಗೆತ್ತಿಕೊಂಡು ಮತ್ತೆ ಕೆಳಗಿಡುತ್ತಾಳೆ, ನಿಜ. ಆದರೆ ಡಾಕ್ಟರಮ್ಮನೆದುರು ಭಾವನ ಹಣೆಯ ಮೇಲೆ ಬೆವರು ಒಡೆದ ಆ ಗಳಿಗೆ ನೆನಪಾದರೆ, ಇವತ್ತಿಗೂ ಹಾಲು ಕುಡಿದಷ್ಟು ಸಂತೋಷ.