ಕಂಪ್ಯೂಟರ್ ಮೇಳದಲ್ಲಿ ಕಳಚಿದ ಬೂಟು

ಗಾಜಿನ ಬಾಗಿಲು ತಳ್ಳಿಕೊಂಡು ಹೊರಗೆ ಬಂದೆ. ನೋಡುತ್ತೇನೆ, ನಾನು ಬಿಟ್ಟುಹೋಗಿದ್ದ ಒಂದು ಜೊತೆ ಬೂಟಿನ ಪಕ್ಕದಲ್ಲಿ ಇನ್ನೂ ಆರು ಜೊತೆ! ಕಪ್ಪು, ಕಂದು, ಒಂದಂತೂ ಫಳಫಳ ಹೊಳೆಯುವ ಹೈ ಹೀಲ್ಸ್. ಎಲ್ಲ ಸಾಲಾಗಿ, ಶಿಸ್ತಾಗಿ. ಇದು ಮಾಟುಂಗಾದ ದೇವಸ್ಥಾನವಲ್ಲ ಸ್ವಾಮಿ, ಜರ್ಮನಿ! ದೇಶದೇಶಗಳ ಜನ ಬಂದು ಸೇರುವ ದೊಡ್ಡ ಕಂಪ್ಯೂಟರ್ ಮೇಳ. ಅಲ್ಲಿ ಈ ಚಪ್ಪಲಿ ಸ್ಟ್ಯಾಂಡ್ ತೆರೆದ ಪುಣ್ಯಾತ್ಗಿತ್ತಿ ಬೇರೆ ಯಾರೂ ಅಲ್ಲ, ಪ್ರತಿ ವಾರ ಈ ಅಂಕಣದಲ್ಲಿ ನಿಮ್ಮ ತಲೆ ತಿನ್ನುವ ನಾನೇ.

ತಡೀರಿ, ಮೊದಲಿನಿಂದ ಹೇಳುತ್ತೇನೆ.

ನಾನು ವಿಕ್ರೋಳಿಯ ಒಂದು ಫ್ಯಾಕ್ಟರಿಯ ಕಂಪ್ಯೂಟರ್ ವಿಭಾಗದಲ್ಲಿ ಕೆಲಸ ಮಾಡುವುದು ನಿಮಗೆ ಗೊತ್ತು. (ಮಲಾಡಿನಿಂದ ದಾದರ್, ದಾದರಿನಲ್ಲಿ ಬ್ರಿಡ್ಜ್ ಹತ್ತಿಳಿದು ಸೆಂಟ್ರಲ್ ಲೈನ್, ಅಲ್ಲಿಂದ ವಿಕ್ರೋಳಿ. ಆ ಗೋಳನ್ನು ಇಲ್ಲೇ ಬೇಕಾದಷ್ಟು ಸಲ ತೋಡಿಕೊಂಡಿದ್ದೇನೆ.) ಫ್ಯಾಕ್ಟರಿಯ ಸ್ಟೋರ್ಸಿನಲ್ಲಿ ಯಾವ ಬಿಡಿಭಾಗ ಎಷ್ಟಿದೆ, ಯಾವುದು ಮುಗಿಯುತ್ತಾ ಬಂದಿದೆ ಎಂದು ತಿಳಿಸುವ ಒಂದು ಪ್ರೋಗ್ರಾಂ ಬರೆದಿದ್ದೆ. ಅದರ ಬಗ್ಗೆ ಮೇಳದ ಸಮ್ಮೇಳನದಲ್ಲಿ ಹದಿನೈದು ನಿಮಿಷ ಮಾತಾಡಿ ಎಂದು ಟೆಲೆಕ್ಸ್ ಬಂತು. ಯಾರಿಗೆ? ನನಗೆ! ಅಲ್ಲಿಯವರೆಗೆ ಪಾಸ್‌ಪೋರ್ಟಿನ ಮುಖವನ್ನೇ ನೋಡದವಳಿಗೆ! ಆ ಕಾಗದ ಹಿಡಿದುಕೊಂಡು ಲೇಡೀಸ್ ರೂಮಿಗೆ ಹೋಗಿ, ಚಿಲಕ ಹಾಕಿ, ಒಬ್ಬಳೇ ಕುಣಿದುಬಿಟ್ಟೆ.

ನಮ್ಮ ಮ್ಯಾನೇಜರ್ ಜೋಶಿ ಸಾಹೇಬರು ಮಾತ್ರ ಕುಣಿಯಲಿಲ್ಲ. “ದೇಖೋ ಮೇಡಂ, ಪೆಹಲಾ ಚಾನ್ಸ್ ಹೈ,” ಎಂದರು. ಇದು ಮೊದಲ ಅವಕಾಶ, ನಾನು ಅಲ್ಲಿ ಬಾಯಿ ಕಟ್ಟಿ ನಿಂತರೆ ಮುಂದೆ ನಮ್ಮ ವಿಭಾಗದಿಂದ ಯಾರನ್ನೂ ಕಳಿಸುವುದಿಲ್ಲವಂತೆ. ಬಂದಮೇಲೆ ರಿಪೋರ್ಟ್ ಬೇರೆ ಬರೆಯಬೇಕು. ಹೊಸ ಮಶೀನುಗಳು ಬೇಕೋ ಬೇಡವೋ, ಬಂದರೆ ಎಲ್ಲಿ ಇಡಬೇಕು ಎಂದು ಡೈರೆಕ್ಟರು ಅದನ್ನು ನೋಡಿಯೇ ತೀರ್ಮಾನಿಸುವುದು.

ಬೂಟಿನ ವಿಷಯ ತೆಗೆದವರು ಸ್ಟೋರ್‌ಕೀಪರ್ ಮಲ್ಲಪ್ಪನವರು. ಬಿಜಾಪುರದ ಕಡೆಯವರು. ಇಪ್ಪತ್ತು ವರ್ಷದಿಂದ ಆ ಸ್ಟೋರ್ಸು ಅವರದೇ ರಾಜ್ಯ.

“ಮೇಡಂ, ಅಲ್ಲಿ ಥಂಡಿ ಭಾಳ ಇರ್ತದಂತ. ಹಿಂಗ ಚಪ್ಪಲ್ ಮ್ಯಾಲ ಹೋಗಬ್ಯಾಡ್ರಿ. ಧಾರಾವಿಯೊಳಗ ನಮ್ಮೂರಾಂವ ಒಬ್ಬ ಅದಾನ, ಛಲೋ ಬೂಟ ಹೊಲೀತಾನ. ಪೇಪರ್ ಮ್ಯಾಲ ಕಾಲಿಟ್ಟು ಪೆನ್ಸಿಲಿನಿಂದ ಗೆರಿ ಹಾಕಿ ಕೊಡ್ರಿ ಸಾಕು.”

ಕೊಟ್ಟೆ. ಎಂಟನೇ ದಿನ ಬೂಟು ಬಂತು. ಏನು ಮೆತ್ತಗೆ, ಏನು ಹೊಲಿಗೆ! ಸೀರೆಯ ಕೆಳಗೆ ಬೂಟೇ ಎಂದು ಮನೆಯಲ್ಲಿ ಗಂಡ, ಮಗಳು ಇಬ್ಬರೂ ನಕ್ಕರು. ನಗಲಿ ಬಿಡಿ, ಕಾಲು ನನ್ನದು ತಾನೇ?

ಆ ಮಲ್ಲಪ್ಪನವರು ಎರಡು ವರ್ಷದ ಹಿಂದೆ ನನ್ನನ್ನು ಒಂದು ಮಾತು ಕೇಳಿದ್ದರು. ದಿನಾ ಸಂಜೆ ಅವರು ಚೀಟಿ ಬರೆದು ಕಳಿಸುತ್ತಾರೆ, ನಮ್ಮ ಹುಡುಗಿಯರು ಅದನ್ನು ಟೈಪ್ ಮಾಡುತ್ತಾರೆ, ಮರುದಿನ ಪಟ್ಟಿ ಪ್ರಿಂಟಾಗಿ ಅವರ ಕೈ ಸೇರುತ್ತದೆ. “ನಾ ಬರ್ದದ್ದು ಆ ಮಶೀನಿನಾಗ ಹ್ಯಾಂಗ ಕಾಣ್ತೈತಿ, ಒಮ್ಮಿ ಒಳಗ ಬಂದು ನೋಡ್ಲೇನ್ರಿ ಮೇಡಂ?” ಎಂದಿದ್ದರು. “ನೋಡೋಣ ಮಲ್ಲಪ್ಪನವರೇ, ಅಲ್ಲಿ ಧೂಳು ಬಡೀಬಾರದು,” ಎಂದಿದ್ದೆ. ಅವರು ಮತ್ತೆ ಕೇಳಲಿಲ್ಲ. ನಾನೂ ಮರೆತೆ.

ಧೂಳಿನ ಭಯ ಯಾಕೆಂದರೆ ನಮ್ಮ ಕಂಪ್ಯೂಟರ್ ರೂಮು ಸಾಕ್ಷಾತ್ ಗರ್ಭಗುಡಿ. ಎರಡು ಬಾಗಿಲು, ಎರಡು ಎ.ಸಿ., ಹೊರಗೆ ಚಪ್ಪಲಿ ರ‍್ಯಾಕ್. ಚಪ್ಪಲಿ ಬಿಡದೆ ಡೈರೆಕ್ಟರೂ ಒಳಗೆ ಕಾಲಿಡುವ ಹಾಗಿಲ್ಲ. (ನಿಮ್ಮ ಆಫೀಸಿನಲ್ಲೂ ಹೀಗೇ ತಾನೇ? ನಿಜ ಹೇಳಿ.)

ಸರಿ, ಮೇಳಕ್ಕೆ ಬರೋಣ. ಅಬ್ಬಬ್ಬಾ! ಒಂದು ಹಾಲ್‌ನಿಂದ ಇನ್ನೊಂದಕ್ಕೆ ಹೋಗಲು ಬಸ್ಸು! ಎಲ್ಲಿ ನೋಡಿದರಲ್ಲಿ ಬಣ್ಣದ ಸ್ಕ್ರೀನುಗಳು. ಅಂಗೈಯಗಲದ ಮೌಸ್ ಅಲ್ಲಾಡಿಸಿದರೆ ಪರದೆಯ ಮೇಲೆ ಬಾಣ ಓಡುತ್ತದೆ. ಒಂದು ಪ್ರಿಂಟರಂತೂ ಸದ್ದೇ ಇಲ್ಲದೆ ಪುಸ್ತಕದ ಹಾಳೆಯಷ್ಟು ಚೆಂದ ಅಚ್ಚು ಹಾಕಿ ಕೊಡುತ್ತಿತ್ತು. ನಮ್ಮ ಪ್ರಿಂಟರ್ ಶುರುವಾದರೆ ಪಕ್ಕದವರ ಮಾತು ಕೇಳಿಸುವುದಿಲ್ಲ! ಜನಜಂಗುಳಿಗೆ ಹೆದರಿದೆನೇ? ದಾದರಿನಲ್ಲಿ ಲೋಕಲ್ ಬದಲಿಸುವವಳು ಯಾವ ಗುಂಪಿಗೆ ಹೆದರುತ್ತಾಳೆ? ಮೊಣಕೈ ಮುಂದೆ ಮಾಡಿ ನುಗ್ಗಿದ್ದೇ ನುಗ್ಗಿದ್ದು. ಸಿಕ್ಕ ಸಿಕ್ಕ ಬ್ರೋಶರನ್ನೆಲ್ಲ ಚೀಲಕ್ಕೆ ತುಂಬಿದೆ.

ಹಾಗೆ ನುಗ್ಗುತ್ತಾ ಒಂದು ಗಾಜಿನ ಕೋಣೆಯ ಮುಂದೆ ಬಂದೆ. ಒಳಗೆ ಕಾರ್ಪೆಟ್, ತಣ್ಣನೆ ಗಾಳಿ, ಸಾಲಾಗಿ ಕಂಪ್ಯೂಟರುಗಳು. ಕಾಲು ತಾನಾಗಿಯೇ ನಿಂತಿತು. ಬಗ್ಗಿ ಲೇಸ್ ಬಿಚ್ಚಿ, ಬೂಟನ್ನು ಬಾಗಿಲ ಪಕ್ಕ ಒತ್ತಟ್ಟಿಗೆ ಇಟ್ಟು, ಸಾಕ್ಸಿನಲ್ಲಿ ಒಳಗೆ ಹೋದೆ. ನನ್ನ ಹಿಂದೆಯೇ ಇದ್ದ ಜಪಾನಿನ ಮುದುಕರೊಬ್ಬರು ಬೂಟು ನೋಡಿದರು, ನನ್ನನ್ನು ನೋಡಿದರು, ತಾವೂ ಬಿಚ್ಚಿದರಂತೆ. ಅವರನ್ನು ನೋಡಿ ಇನ್ನೊಬ್ಬರು. ಇನ್ನೊಬ್ಬರನ್ನು ನೋಡಿ ಮತ್ತೊಬ್ಬರು.

ಒಳಗಿದ್ದ ಪೀಟರ್ ಎಂಬ ಇಂಜಿನಿಯರ್ ಬೂಟುಗಾಲಿನಲ್ಲೇ ಕೂತಿದ್ದ. ಒಂದು ಕೈಯಲ್ಲಿ ಬ್ರೆಡ್ಡು, ಇನ್ನೊಂದು ಕೈ ಕೀಬೋರ್ಡಿನ ಮೇಲೆ. ಬ್ರೆಡ್ಡಿನ ಪುಡಿ ಉದುರಿದರೆ ಉಫ್ ಎಂದು ಊದಿ ಮತ್ತೆ ಕೆಲಸ! ನಾನು ಹೊರಗೆ ಬಂದಾಗ ಅವನೂ ಜೊತೆಗೆ ಬಂದ. ಬೂಟಿನ ಸಾಲು ನೋಡಿ ಕಕ್ಕಾಬಿಕ್ಕಿ. “ಈ ನಿಯಮ ಮಾಡಿದವರು ಯಾರು?” ಎಂದ. ಬೂಟು ಬಿಚ್ಚಿದವರೆಲ್ಲ ನನ್ನತ್ತ ಕೈ ತೋರಿಸಿದರು. ನಮ್ಮ ಫ್ಯಾಕ್ಟರಿಯ ಪದ್ಧತಿ ಹೇಳಿದೆ. ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. ನಾನೂ ನಕ್ಕೆ. ನಾಚಿಕೆಯಾಯಿತೇ? ಆಯಿತು. ಆದರೂ ಮಜಾ ಬಂತು.

ಮರುದಿನ ನನ್ನ ಸರದಿ. ಮೈಸೂರು ಸಿಲ್ಕ್ ಸೀರೆ, ಧಾರಾವಿಯ ಬೂಟು, ಕೈಯಲ್ಲಿ ಪ್ರೊಜೆಕ್ಟರಿನ ಮೇಲಿಡುವ ಟ್ರಾನ್ಸ್‌ಪರೆನ್ಸಿಗಳು. ಮೊದಲ ಒಂದು ನಿಮಿಷ ಅವನ್ನು ಜೋಡಿಸುತ್ತಲೇ ನಿಂತೆ. ಜೋಶಿ ಸಾಹೇಬರ ಮುಖ ಕಣ್ಣ ಮುಂದೆ ಬಂತು. ಆಮೇಲೆ ಹೇಗೆ ಹೊರಟಿತೋ ಮಾತು! ಬೇರಿಂಗು, ಬೋಲ್ಟು, ವಾಶರು ಎಲ್ಲದರ ಕಥೆ ಹೇಳಿ ಸರಿಯಾಗಿ ಹದಿನಾಲ್ಕನೇ ನಿಮಿಷಕ್ಕೆ ಮುಗಿಸಿದೆ. ಚಪ್ಪಾಳೆ! ಗೆದ್ದೆ ಎಂದುಕೊಂಡೆ.

ಆಗ ಎದ್ದು ನಿಂತವನು ಪೀಟರ್.

“ಬಹಳ ಚೆನ್ನಾಗಿದೆ. ನಿಮ್ಮ ಸ್ಟೋರ್‌ಕೀಪರ್ ಇದನ್ನು ಬಳಸಿ ಏನು ಹೇಳುತ್ತಾರೆ?”

“ಅವರು ಬಳಸುವುದಿಲ್ಲ. ಚೀಟಿ ಕಳಿಸುತ್ತಾರೆ.”

“ಬೂಟು ಕಳಚಿ ಒಳಗೆ ಬರಬಹುದಲ್ಲ?”

ಹಾಲ್‌ನಲ್ಲಿ ಕೆಲವರು ನಕ್ಕರು. ಬೂಟಿನ ಸುದ್ದಿ ಆಗಲೇ ಹಬ್ಬಿತ್ತು. ನನಗೆ ಮಾತ್ರ ನಗು ಬರಲಿಲ್ಲ. ಏನು ಹೇಳಲಿ? ಬೂಟು ಬಿಟ್ಟರೂ ಅವರನ್ನು ಒಳಗೆ ಬಿಟ್ಟಿಲ್ಲ ಎನ್ನಲೇ? ಬಿಡದವಳು ನಾನೇ ಎನ್ನಲೇ? ನನ್ನ ಕಾಲಿಗೆ ಬೂಟು ಮಾಡಿಸಿಕೊಟ್ಟವರಿಗೆ ನಾನು ಒಂದು ಬಾಗಿಲು ತೆಗೆಯಲಿಲ್ಲವಲ್ಲ!

“ಇದುವರೆಗೆ ಕರೆದಿಲ್ಲ. ತಪ್ಪು ನನ್ನದು. ಊರಿಗೆ ಹೋದ ಕೂಡಲೇ ಕರೆಯುತ್ತೇನೆ,” ಎಂದೆ ಮೈಕಿನಲ್ಲೇ.

ಎರಡನೇ ಸಲದ ಚಪ್ಪಾಳೆ ಇನ್ನೂ ಜೋರಾಗಿತ್ತು. ಆದರೆ ಮಾತು ಕೊಟ್ಟಾಗಿತ್ತಲ್ಲ, ಉಳಿಸಿಕೊಳ್ಳಬೇಕಲ್ಲ!

ಒಮ್ಮೆ ಒಳಗೆ ಕರೆದರೆ ಸಾಲದು ಎನಿಸಿ, ಬಂದವಳೇ ರಿಪೋರ್ಟಿನಲ್ಲಿ ಬರೆದೆ: ಒಂದು ಮಶೀನು ಸ್ಟೋರ್ಸಿನಲ್ಲೇ ಇರಬೇಕು, ಮಲ್ಲಪ್ಪನವರ ಮೇಜಿನ ಮೇಲೆ. ಜೋಶಿ ಸಾಹೇಬರು ಕುರ್ಚಿಯಿಂದ ಎದ್ದೇಬಿಟ್ಟರು. “ಮೇಡಂ, ತಿಥೇ ಕಿತೀ ಧೂಳ ಆಹೇ!” ಅಲ್ಲಿ ಎಷ್ಟು ಧೂಳು ಎಂದು ನನಗೆ ಗೊತ್ತಿಲ್ಲವೇ? ಪೀಟರನ ಬ್ರೆಡ್ಡಿನ ಪುಡಿಯ ಕಥೆ ಹೇಳಿದೆ. ಬ್ರೋಶರಿನಲ್ಲಿ ಗ್ಯಾರೇಜೊಂದರ ಫೋಟೋ ತೋರಿಸಿದೆ, ಎಣ್ಣೆ ಡಬ್ಬಿಗಳ ನಡುವೆ ಕಂಪ್ಯೂಟರ್. ಡೈರೆಕ್ಟರ್ ಹತ್ತಿರವೂ ಹೋದೆ. ನಾಲ್ಕು ಮೀಟಿಂಗುಗಳಾದವು. ಹಳೆಯದೊಂದು ಮಶೀನು ಕೊಡಲು ಕೊನೆಗೂ ಒಪ್ಪಿದರು.

ಕಳೆದ ಸೋಮವಾರ ಅದು ಸ್ಟೋರ್ಸಿಗೆ ಬಂತು. ಖುಷಿಗೆ ಅದೇ ಧಾರಾವಿ ಬೂಟು ಹಾಕಿಕೊಂಡು ಓಡಿದೆ. ಬಾಗಿಲಲ್ಲೇ ಎಡವಿದೆ. ಮಲ್ಲಪ್ಪನವರ ಚಪ್ಪಲಿ! ಒಳಗೆ ಅವರು ಬರಿಗಾಲಿನಲ್ಲಿ ನಿಂತಿದ್ದರು, ಮಶೀನಿನಿಂದ ಎರಡು ಮಾರು ದೂರ. ಕಬ್ಬಿಣದ ಚೂರುಗಳು ಬಿದ್ದಿರುವ ನೆಲ ಅದು.

“ಇದೇನು ಮಲ್ಲಪ್ಪನವರೇ, ನಿಮ್ಮ ಸ್ಟೋರ್ಸಿಗೆ ನೀವೇ ಚಪ್ಪಲಿ ಬಿಟ್ಟು ಬರೋದಾ?”

“ನೀವ ಹೇಳಿದ್ರಲ್ರೀ ಮೇಡಂ, ಅದಕ್ಕ ಧೂಳು ಬಡೀಬಾರದಂತ.”

ನಾನೇ ಹೋಗಿ ಚಪ್ಪಲಿ ತಂದು ಅವರ ಕಾಲ ಬಳಿ ಇಟ್ಟೆ. “ಅಯ್ಯಯ್ಯ, ಬ್ಯಾಡ್ರಿ, ಬ್ಯಾಡ್ರಿ!” ಎಂದು ಗಾಬರಿಯಾಗಿ ಹಾಕಿಕೊಂಡರು. ಕೂತರು. ಒಂದೇ ಬೆರಳಿನಿಂದ ಕೀ ಒತ್ತಿದರು. ಅವರ ಚೀಟಿಯ ಬೇರಿಂಗುಗಳು ಪರದೆಯ ಮೇಲೆ ಬಂದವು. “ಆಹಾ, ಇಲ್ಲೇ ಅದಾವಲ್ರೀ!” ಎಂದು ನಕ್ಕರು ನೋಡಿ, ಜರ್ಮನಿಯ ಎರಡು ಚಪ್ಪಾಳೆಗಳನ್ನೂ ಆ ನಗುವಿಗೇ ಕೊಟ್ಟುಬಿಡಬಹುದು.

ಮಂಗಳವಾರ ಬೆಳಿಗ್ಗೆ ಹೋದೆ. ಚಪ್ಪಲಿ ಮತ್ತೆ ಬಾಗಿಲಲ್ಲಿ. ಬುಧವಾರವೂ ಅಷ್ಟೆ.

ಜರ್ಮನಿಯಲ್ಲಿ ಆರು ಜನರ ಬೂಟು ಬಿಚ್ಚಿಸಲು ನನಗೆ ಬಾಯಿ ತೆರೆಯುವ ಅಗತ್ಯವೂ ಬೀಳಲಿಲ್ಲ, ವಿಕ್ರೋಳಿಯಲ್ಲಿ ಒಬ್ಬರ ಕಾಲಿಗೆ ಚಪ್ಪಲಿ ಹಾಕಿಸಲು ಇನ್ನೆಷ್ಟು ದಿನ ಬೇಕು, ನೀವೇ ಹೇಳಿ?