ಕಣ್ಣು ಹೊಡೆಯುವ ಕುರಿಮರಿ

ಅವನ ಬಲಗೈ ಕಿರುಬೆರಳಿನ ಉಗುರು ಅರ್ಧ ಇಂಚು ಬೆಳೆದಿತ್ತು. ಅದರೊಳಗೆ ಸದಾ ಕಪ್ಪು ಬಣ್ಣ. ಗಾಜಿನ ಮೇಲೆ ಬಳಿದ ಬಣ್ಣ ಆರುವ ಮೊದಲೇ ಆ ಉಗುರಿನಿಂದ ಕೆರೆದು ಕೂದಲೆಳೆಯಂಥ ಬಿಳಿ ಗೆರೆ ತೆಗೆಯುತ್ತಿದ್ದ. ನಾನು ಚಿತ್ರಕಲೆಯ ಪರೀಕ್ಷೆ ಪಾಸಾದವನು, ಡಬ್ಬಿ ತುಂಬ ಕುಂಚ ಇಟ್ಟುಕೊಂಡವನು. ಆ ಗೆರೆ ನನಗೆ ಒಮ್ಮೆಯೂ ಬರಲಿಲ್ಲ. ಹೊಟ್ಟೆ ಉರಿಯದೆ ಇನ್ನೇನಾದೀತು?

ಐವತ್ತರ ದಶಕದ ಸೊಲ್ಲಾಪುರದಲ್ಲಿ ನಾವಿಬ್ಬರೂ ಸಿನಿಮಾ ಟಾಕೀಜುಗಳಿಗೆ ಜಾಹೀರಾತಿನ ಗಾಜಿನ ಸ್ಲೈಡು ಬರೆಯುತ್ತಿದ್ದೆವು. ಊರೆಲ್ಲ ಅವನನ್ನು ಪೇಂಟರಣ್ಣ ಎನ್ನುತ್ತಿತ್ತು. ಹುಲಜಂತಿ ಕಡೆಯ ಕುರಿ ಕಾಯುವ ಮನೆಯವನು, ಶಾಲೆಯ ಮೆಟ್ಟಿಲು ಹತ್ತಿದವನಲ್ಲ. ಅಕ್ಷರವನ್ನೂ ಚಿತ್ರದಂತೆ ನೋಡಿ ಬರೆಯುತ್ತಿದ್ದ. "ಅಣ್ಣಾ, ಈ ಅಕ್ಷರ ತಪ್ಪ್ಯದ" ಎಂದು ನಾನು ನಾಲ್ಕು ಜನರೆದುರು ಚುಚ್ಚಿದರೆ, "ನೀವು ಓದಿದವ್ರು, ನೀವಽ ತಿದ್ರಿ ರಾಯರ" ಎಂದು ಸ್ಲೈಡನ್ನು ನನ್ನ ಮುಂದೆ ಸರಿಸುತ್ತಿದ್ದ. ಸಿಟ್ಟಾದರೂ ಬರಬಾರದೆ ಆ ಮನುಷ್ಯನಿಗೆ!

ಒಂದು ಟೈಪಿಂಗ್ ಕ್ಲಾಸಿನ ಮಾಸ್ತರರಿಗೆ ಅವನು ಕುರಿಮರಿಯೊಂದನ್ನು ಮಾಡಿಕೊಟ್ಟ. ಕನ್ನಡಕ ಹಾಕಿ ಟೈಪ್‌ರೈಟರ್ ಮುಂದೆ ಕೂತ ಮರಿ. ಎರಡು ಗಾಜು: ಒಂದರಲ್ಲಿ ಎರಡೂ ಕಣ್ಣು ತೆರೆದಿವೆ, ಇನ್ನೊಂದರಲ್ಲಿ ಒಂದು ಮುಚ್ಚಿದೆ. ಆಪರೇಟರ್ ಅವನ್ನು ಸರಸರ ಬದಲಿಸಿದರೆ ಮರಿ ಪರದೆಯ ಮೇಲೆ ಕಣ್ಣು ಹೊಡೆಯುತ್ತಿತ್ತು. ಜನ ಸೀಟಿ ಹಾಕಿದರು. ಮಾಸ್ತರರು ಆ ಮರಿಯನ್ನು ತಮ್ಮ ಕ್ಲಾಸಿನ ಟ್ರೇಡ್ ಮಾರ್ಕ್ ಎಂದು ನೋಂದಾಯಿಸಿಬಿಟ್ಟರು. ನನಗೆ ಮೂರು ದಿನ ಊಟ ರುಚಿಸಲಿಲ್ಲ.

ಆಗಲೇ ಅಕ್ಕಲಕೋಟೆಯ ಇನ್ನೊಂದು ಕ್ಲಾಸಿನವರು ಬಂದು, "ಅಗದೀ ತಸಾಚ್ ಬೇಕ್ರಿ, ಹಾಂಗಽ ಕಣ್ಣು ಹೊಡಿಯೋದು" ಎಂದರು. ನಾನು ಟಾಕೀಜಿನಲ್ಲಿ ನಾಲ್ಕು ಆಟ ಕೂತು ನೋಡಿ, ಒಂದು ಗೆರೆಯೂ ಬಿಡದೆ ನಕಲು ಮಾಡಿದೆ. ಕನ್ನಡಕ ತೆಗೆದು ಟೋಪಿ ಹಾಕಿದೆ, ಅಷ್ಟೇ.

ಟ್ರೇಡ್ ಮಾರ್ಕ್ ಕದ್ದಿದ್ದೀರೆಂದು ಮಾಸ್ತರರಿಂದ ಅಕ್ಕಲಕೋಟೆಯವರಿಗೆ ನೋಟೀಸು ಬಂತು. ಕೋರ್ಟಿಗೆ ಹೋಗುವ ಮೊದಲು ಮಾತಾಡೋಣವೆಂದು ಮಾಸ್ತರರ ವಕೀಲರು ಎಲ್ಲರನ್ನೂ ತಮ್ಮ ಕಚೇರಿಗೆ ಕರೆದರು. ನಾನು ಜೋರು ಮಾಡಿದೆ: "ಇದು ನನ್ನ ಸ್ವಂತ ಕಲ್ಪನಾ ರೀ. ಕುರಿಮರಿ ಏನು ಯಾರಪ್ಪನ ಆಸ್ತಿ?"

ಪೇಂಟರಣ್ಣ ನನ್ನ ಸ್ಲೈಡನ್ನು ಕಿಟಕಿಯ ಬೆಳಕಿಗೆ ಹಿಡಿದ. "ರಾಯರ, ಮರಿ ಎಡಗಿವಿಗೆ ಎರಡು ಕಚ್ಚು ಯಾಕ ಹಾಕೀರಿ?"

"ಚಂದ ಕಾಣ್ಲಿ ಅಂತ."

ಬಾಗಿಲಲ್ಲಿದ್ದ ವಕೀಲರ ಕಾರಕೂನ, ಅವನೂ ಹುಲಜಂತಿಯವನೇ, ಗೊಳ್ಳೆಂದು ನಕ್ಕ. "ಅಯ್ಯಽ, ಅದು ಇವರ ಮನಿ ಗುರುತರಿ! ಬ್ಯಾರೇ ಮಂದಿ ಕುರ್ಯಾಗ ಕೂಡಬಾರ್ದಂತ ಕಿವಿ ಕತ್ತರಸ್ತಾರ. ಎರಡು ಕಚ್ಚಂದ್ರ ಇವರದಽ!"

ಮೂರು ತಲೆಮಾರು ಕಚೇರಿ ನೌಕರಿ ಮಾಡಿದ ಮನೆತನ ನಮ್ಮದು. ಕುರಿಯ ಕಿವಿಯನ್ನು ಯಾರು ನೋಡಿದ್ದರು? ಮುಖ ಎಲ್ಲಿಡಲಿ ಎಂದು ತಿಳಿಯಲಿಲ್ಲ. ವಕೀಲರು ದಾವೆಯಲ್ಲಿ ನನ್ನ ಹೆಸರನ್ನೂ ಸೇರಿಸಲು ಕಾಗದ ಎಳೆದುಕೊಂಡರು. ಸೇರಿದ್ದರೆ ಯಾವ ಟಾಕೀಜೂ ನನಗೆ ಕೆಲಸ ಕೊಡುತ್ತಿರಲಿಲ್ಲ. ಪೇಂಟರಣ್ಣ ನನ್ನ ಗಾಜನ್ನು ಮೇಜಿನ ಅಂಚಿಗೆ ಬಡಿದು ಒಡೆದ. "ಮುಗೀತಲ್ರಿ ಸಾಹೇಬ್ರ. ಅವರ ಹೆಸರು ಬರೀಬ್ಯಾಡ್ರಿ. ನನಗ ಅಕ್ಷರ ತಿದ್ದಿ ಕೊಡವ್ರು ಅವ್ರು."

ನಾನು ಪಾರಾದೆ. ಹೊಟ್ಟೆಯುರಿ ಎರಡು ಪಟ್ಟಾಯಿತು.

ಎರಡು ವರ್ಷದ ನಂತರ ಅವನು ಕಾಮಾಲೆಯಿಂದ ತೀರಿಕೊಂಡ. ಸುದ್ದಿ ಕೇಳಿದಾಗ ನನಗೆ ಮೊದಲು ಬಂದದ್ದು ಕಣ್ಣೀರಲ್ಲ, ಇನ್ನು ಆ ಮರಿ ನನ್ನ ಕೈಗೆ ಬರುತ್ತದೆ ಎಂಬ ಯೋಚನೆ. ಥೂ ನನ್ನ ಜನ್ಮಕ್ಕೆ! ಹಾಗೆಯೇ ಆಯಿತು. ಹಳೆಯ ಗಾಜು ಬಿರುಕು ಬಿಟ್ಟಾಗ ಮಾಸ್ತರರು ನನ್ನನ್ನೇ ಕರೆದರು. ಹದಿನೈದು ದಿನ ಕೂತು ಬರೆದೆ. ಮಧ್ಯಾಹ್ನದ ಆಟಕ್ಕೆ ಹೋಗಿ ಜನರ ನಡುವೆ ಕೂತೆ. ಮರಿ ಕಣ್ಣು ಹೊಡೆಯಿತು. ಒಂದು ಸೀಟಿಯೂ ಬರಲಿಲ್ಲ.

"ಪೇಂಟರಣ್ಣನ ಕೈ ಕೆಟ್ಟದ ನೋಡಪಾ" ಎಂದರು ಹಿಂದಿನ ಸಾಲಿನಲ್ಲಿ ಯಾರೋ. ಅವನು ಹೋದದ್ದು ಅವರಿಗೆ ತಿಳಿದಿರಲಿಲ್ಲ.

ಸುಮ್ಮನಿದ್ದರೆ ನನ್ನ ಮಾನ ಉಳಿಯುತ್ತಿತ್ತು. ಎದ್ದು ಅವರ ಕಡೆ ತಿರುಗಿದೆ.

"ಅವನ ಕೈ ಅಲ್ಲರಿ," ಎಂದೆ. "ಇದು ನಂದು."